ಹಾಫ್ಲಿಂಗ್ ಎಂದರೆ ಜೇಬುಗಳ್ಳನೇ?

ಕೆಲಸ ಹುಡುಕುತ್ತಿರುವವರೆಲ್ಲ ಒಮ್ಮೆ ಓದಬೇಕಾದ ಆಫರ್ ಲೆಟರ್ ಒಂದಿದೆ. ಅದು ಅಭ್ಯರ್ಥಿಗೆ ಸಿಕ್ಕಿದ್ದು ಅವನದೇ ಮನೆಯ ಗಡಿಯಾರದ ಕೆಳಗೆ. ತಿಂಗಳ ಸಂಬಳ ಇಲ್ಲ. ಲಾಭ ಏನಾದರೂ ಬಂದರೆ ಹೆಚ್ಚೆಂದರೆ ಹದಿನಾಲ್ಕರಲ್ಲಿ ಒಂದು ಪಾಲು. ಪ್ರಯಾಣದ ಖರ್ಚು ಅವರದು. ದಾರಿಯಲ್ಲಿ ಸತ್ತರೆ ಅಂತ್ಯಕ್ರಿಯೆಯ ಖರ್ಚೂ ಅವರದೇ. ಹುದ್ದೆ: ಕನ್ನಗಳ್ಳ. ಅಭ್ಯರ್ಥಿಯ ಹೆಸರು ಬಿಲ್ಬೊ ಬ್ಯಾಗಿನ್ಸ್, ವಯಸ್ಸು ಸುಮಾರು ಐವತ್ತು, ಕಳ್ಳತನದ ಅನುಭವ ಸೊನ್ನೆ. ಅರ್ಜಿಯನ್ನೂ ಹಾಕಿರಲಿಲ್ಲ. ಗ್ಯಾಂಡಾಲ್ಫ್ ಎಂಬ ಮಂತ್ರವಾದಿ ಅವನ ಬಾಗಿಲ ಮೇಲೆ ಗುರುತು ಗೀಚಿ, ಹದಿಮೂರು ಮಂದಿ ಕುಬ್ಜರಿಗೆ ‘ನಿಮಗೆ ಬೇಕಾದ ಮನುಷ್ಯ ಇಲ್ಲಿದ್ದಾನೆ’ ಎಂದು ಶಿಫಾರಸು ಮಾಡಿದ್ದ, ಅಷ್ಟೇ. ಬಿಲ್ಬೊ ಕರ್ಚೀಫ್ ಕೂಡ ತೆಗೆದುಕೊಳ್ಳದೆ ಓಡಿಹೋಗಿ ಡ್ಯೂಟಿಗೆ ಸೇರಿದ. ಮೊದಲ ಕಳ್ಳತನದಲ್ಲೇ ಸಿಕ್ಕಿಬಿದ್ದ.

ಜೆ.ಆರ್.ಆರ್. ಟೋಲ್ಕಿನ್ 1937ರಲ್ಲಿ ಪ್ರಕಟಿಸಿದ ‘ದಿ ಹಾಬಿಟ್’ ಶುರುವಾಗುವುದು ಹೀಗೆ. ಇದು ತಮಾಷೆ ಎಂದು ಓದಿದ ಯಾರಿಗಾದರೂ ಗೊತ್ತಾಗುತ್ತದೆ. ಊಟ, ತಿಂಡಿ, ಪೈಪು, ಬೆಚ್ಚನೆಯ ಮನೆ ಬಿಟ್ಟು ಬೇರೇನೂ ಬೇಡದ ಮನುಷ್ಯನಿಗೆ ಕಳ್ಳನ ಹುದ್ದೆ ಕೊಟ್ಟರೆ ಏನಾಗಬಹುದು ಎಂಬುದೇ ಅಲ್ಲಿನ ನಗು. ಆದರೆ ಆ ನಗು ಪುಸ್ತಕದಿಂದ ಆಟದ ಮೇಜಿಗೆ ಬರುವಷ್ಟರಲ್ಲಿ ಎಲ್ಲೋ ಕಳೆದುಹೋಯಿತು. ಹುದ್ದೆ ಮಾತ್ರ ಉಳಿಯಿತು. ಇವತ್ತು ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟ ಆಡುವ ಹತ್ತು ಜನರನ್ನು ‘ಹಾಫ್ಲಿಂಗ್ ಅಂದ್ರೆ ಏನು?’ ಎಂದು ಕೇಳಿ ನೋಡಿ. ‘ಕುಳ್ಳಗಿರ್ತಾರೆ, ಜೇಬು ಕತ್ತರಿಸ್ತಾರೆ, ಕಾಮಿಡಿ ಮಾಡ್ತಾರೆ’ ಎಂಬ ಉತ್ತರ ಬರುತ್ತದೆ.

ಈ ಆಟ ಆಡದವರಿಗಾಗಿ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಡಂಜನ್ ಮಾಸ್ಟರ್, ಅಂದರೆ ಕಥೆ ನಡೆಸುವವರು. ಉಳಿದವರು ತಲಾ ಒಂದು ಪಾತ್ರವನ್ನು ಹಾಳೆಯ ಮೇಲೆ ಬರೆದುಕೊಂಡು ಅದರ ಪರವಾಗಿ ಮಾತಾಡುತ್ತಾರೆ, ತೀರ್ಮಾನ ತೆಗೆದುಕೊಳ್ಳುತ್ತಾರೆ. ಗೋಡೆ ಹತ್ತುವುದು, ಕತ್ತಿ ಬೀಸುವುದು ಹೀಗೆ ಫಲಿತಾಂಶ ಅನುಮಾನವಿದ್ದ ಕಡೆ 20 ಮುಖದ ದಾಳ ಉರುಳುತ್ತದೆ. ಗೇರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಕುಲದ ಮೂಲಪುರುಷ. ‘ಬಾಲ್ಡರ್ಸ್ ಗೇಟ್ 3’ ಎಂಬ ಕಂಪ್ಯೂಟರ್ ಗೇಮ್ ಆಡಿದವರಿಗೆ ಇದರ ನಿಯಮಗಳು ಅರ್ಧ ಗೊತ್ತಿರುತ್ತವೆ. (ಆ ಗೇಮ್‌ನಲ್ಲಿ ನೀವು ಹಾಫ್ಲಿಂಗ್ ಆಗಬಹುದು. ಆದರೆ ನಿಮ್ಮ ಜೊತೆ ಸೇರಿಕೊಳ್ಳುವ ಮುಖ್ಯ ಸಂಗಾತಿಗಳಲ್ಲಿ ಒಬ್ಬರೂ ಹಾಫ್ಲಿಂಗ್ ಇಲ್ಲ. ನನಗೆ ಇದು ಇನ್ನೂ ಬೇಜಾರು.)

1974ರ ಪುಸ್ತಕದಲ್ಲಿ ಇವರ ಹೆಸರು ನೇರವಾಗಿ ‘ಹಾಬಿಟ್’ ಎಂದೇ ಇತ್ತು. ಟೋಲ್ಕಿನ್ ಕೃತಿಗಳ ವ್ಯಾಪಾರದ ಹಕ್ಕು ಇಟ್ಟುಕೊಂಡಿದ್ದವರು ತಕರಾರು ತೆಗೆದ ಮೇಲೆ ಮುಂದಿನ ಮುದ್ರಣಗಳಲ್ಲಿ ಹೆಸರು ‘ಹಾಫ್ಲಿಂಗ್’ ಆಯಿತು. ಹೊಸದಾಗಿ ಹುಟ್ಟಿಸಿದ ಪದವೇನೂ ಅಲ್ಲ. ಸ್ಕಾಟ್ಲೆಂಡ್ ಕಡೆ ಪೂರ್ತಿ ಬೆಳೆಯದ ಹುಡುಗನಿಗೆ ಹೇಳುತ್ತಿದ್ದ ಹಳೆಯ ಮಾತು ಅದು. ಟೋಲ್ಕಿನ್ ಕಥೆಯಲ್ಲೂ ಬರುತ್ತದೆ, ಆದರೆ ಅಲ್ಲಿ ಹಾಗೆ ಕರೆಯುವವರು ಎತ್ತರದ ಮನುಷ್ಯರು. ಹಾಬಿಟ್‌ಗಳು ತಮ್ಮನ್ನು ತಾವು ಹಾಬಿಟ್ ಎಂದೇ ಕರೆದುಕೊಳ್ಳುತ್ತಾರೆ. ಅರ್ಧ ಎನ್ನುವುದು ಯಾರ ಅಳತೆಗೋಲಿನಲ್ಲಿ ಅರ್ಧ? ತನ್ನನ್ನು ತಾನು ಅರ್ಧಾಳು ಎಂದುಕೊಂಡು ಯಾವ ಊರಿನವರು ತಾನೇ ಬದುಕುತ್ತಾರೆ? ಹಾಫ್ಲಿಂಗ್ ಪಾತ್ರ ಬರೆಯುವವರು ಹಾಳೆಯಲ್ಲಿ ಮೊದಲು ತುಂಬಬೇಕಾದ ಜಾಗ ಇದು: ನಿಮ್ಮ ಜನ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ? ಆರಡಿಯವರನ್ನು ಹಿಂದಿನಿಂದ ಏನೆಂದು ಆಡಿಕೊಳ್ಳುತ್ತಾರೆ?

ನಿಯಮಗಳು ಹೆಸರಿಗಿಂತ ಕಟುವಾಗಿದ್ದವು. ಮೊದಲ ಪುಸ್ತಕದ ಪ್ರಕಾರ ಹಾಬಿಟ್ ಫೈಟರ್ ಮಾತ್ರ ಆಗಬಹುದಿತ್ತು, ಅದೂ ನಾಲ್ಕನೇ ಲೆವೆಲ್‌ವರೆಗೆ. ಅದರಾಚೆ ಎಷ್ಟು ರಾಕ್ಷಸರನ್ನು ಕೊಂದರೂ ಬಡ್ತಿ ಇಲ್ಲ. 1978ರ ‘ಅಡ್ವಾನ್ಸ್ಡ್’ ಆವೃತ್ತಿಯಲ್ಲಿ ಕಳ್ಳನ ವೃತ್ತಿಯೂ ಇತ್ತು. ಹಾಫ್ಲಿಂಗ್ ಆಟಗಾರ ಮಿತಿಯಿಲ್ಲದೆ ಬೆಳೆಯಬಹುದಾದ ವೃತ್ತಿ ಅದೊಂದೇ. ಶಕ್ತಿಗೆ 18ರವರೆಗೆ ಅಂಕ ಕೊಡುವ ಕಡೆ ಹಾಫ್ಲಿಂಗ್ ಗಂಡಸಿಗೆ 17ಕ್ಕೆ ತಡೆ, ಹೆಂಗಸಿಗೆ 14ಕ್ಕೇ ತಡೆ. ನೇಮಕಾತಿ ಅಧಿಸೂಚನೆ ಓದಿ ಓದಿ ಸವೆದಿರುವ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನೀನು ಯಾವ ಪರೀಕ್ಷೆ ಬರೆದರೂ ಇಷ್ಟೇ, ಕಳ್ಳತನಕ್ಕೆ ಹೋದರೆ ಮಾತ್ರ ಭವಿಷ್ಯ. ಆಟಗಾರರು ಸಹಜವಾಗಿಯೇ ಕಳ್ಳತನಕ್ಕೆ ಹೋದರು. ಹಾಫ್ಲಿಂಗ್ ಸ್ವಭಾವತಃ ಕಳ್ಳ ಎಂಬ ನಂಬಿಕೆಯ ಹಿಂದೆ ಇಂಥ ಒಂದು ಕೋಷ್ಟಕವೂ ಇದೆ ಎಂಬುದನ್ನು ಇಂದಿನ ಆಟಗಾರರಲ್ಲಿ ಹೆಚ್ಚಿನವರು ನೋಡಿರುವುದಿಲ್ಲ. 2000ದಲ್ಲಿ ಬಂದ ಮೂರನೇ ಆವೃತ್ತಿ ಈ ಮಿತಿಗಳನ್ನೆಲ್ಲ ಕಿತ್ತುಹಾಕಿತು. ಅದೇ ಆವೃತ್ತಿ ಮಾದರಿಯಾಗಿ ತೋರಿಸಿದ ಹಾಫ್ಲಿಂಗ್ ಲಿಡ್ಡಾ ಮಾತ್ರ ಮತ್ತೆ ಕಳ್ಳಿಯೇ. ನಿಯಮ ಹೋದರೂ ರೂಢಿ ಹೋಗುವುದಿಲ್ಲವಲ್ಲ.

ರೂಢಿಯ ತುತ್ತತುದಿ ನೋಡಬೇಕೆಂದರೆ ಕೆಂಡರ್‌ಗಳನ್ನು ನೋಡಬೇಕು. ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ 1984ರಲ್ಲಿ ಆರಂಭಿಸಿದ ‘ಡ್ರ್ಯಾಗನ್‌ಲ್ಯಾನ್ಸ್’ ಕಾದಂಬರಿಗಳಲ್ಲಿ ಹಾಫ್ಲಿಂಗ್ ಜಾಗದಲ್ಲಿ ಬರುವ ಪುಟ್ಟ ಜನ ಇವರು. ಕಂಡದ್ದನ್ನೆಲ್ಲ ಕುತೂಹಲಕ್ಕೆ ಎತ್ತಿಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಕದ್ದೆವು ಎಂಬ ಪ್ರಜ್ಞೆಯೇ ಅವರಿಗಿಲ್ಲ. ಭಯ ಎಂದರೇನೆಂದು ಗೊತ್ತಿಲ್ಲ. ಪುಸ್ತಕದಲ್ಲಿ ಟ್ಯಾಸಲ್‌ಹಾಫ್ ಎಂಬ ಕೆಂಡರ್ ಮುದ್ದಾಗಿಯೇ ಇದ್ದಾನೆ, ಓದುವಾಗ ನನಗೂ ಇಷ್ಟವಾದ. ಮೇಜಿನ ಸುತ್ತ ಆ ಪಾತ್ರ ಕುಳಿತಾಗ ಕಥೆ ಬೇರೆ. ಜೊತೆಗಾರನ ಮಂತ್ರದಂಡವನ್ನೇ ಎಗರಿಸಿ ‘ನಾನೇನ್ ಮಾಡ್ಲಿ, ನನ್ ಕ್ಯಾರೆಕ್ಟರೇ ಹಂಗೆ’ ಎಂದು ನಗುವ ಆಟಗಾರನ ಕೈಗೆ ಅದು ಲೈಸೆನ್ಸ್ ಕೊಟ್ಟ ಹಾಗೆ. ಹೀಗೆ ಮುರಿದುಬಿದ್ದ ಆಟಗಳ ಕಥೆ ಹಳೆಯ ಆಟಗಾರರಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ.

ಕಳ್ಳತನಕ್ಕಿಂತ ನನಗೆ ತೊಂದರೆ ಎನಿಸುವುದು ಆ ಭಯವಿಲ್ಲದಿರುವಿಕೆ. ಭಯವೇ ಇಲ್ಲದವನು ಡ್ರ್ಯಾಗನ್ ಎದುರು ನಿಂತರೆ ಅದರಲ್ಲಿ ದೊಡ್ಡದೇನಿದೆ? ಕಿಟಕಿ ಸರಳಿಗೆ ಕಾಲು ಹಾಕುವ ಮಗುವಿಗೂ ಅವನಿಗೂ ವ್ಯತ್ಯಾಸವಿಲ್ಲ. ಪುಟ್ಟ ಜನ ಎಂದರೆ ಮಕ್ಕಳು ಎಂಬ ಹಳೇ ತಪ್ಪಿಗೆ ಅದು ಇನ್ನೊಂದು ದಾರಿ. ಡಿ ಅಂಡ್ ಡಿ ಐದನೇ ಆವೃತ್ತಿಯ (2014) ಹಾಫ್ಲಿಂಗ್ ನಿಯಮವನ್ನು ಇದರ ಪಕ್ಕ ಇಟ್ಟು ಓದಿ. ಹಾಫ್ಲಿಂಗ್ ಇಪ್ಪತ್ತಕ್ಕೆ ವಯಸ್ಕ, ಬದುಕುವುದು ನೂರೈವತ್ತರ ಆಸುಪಾಸು. ‘ಬ್ರೇವ್’ ಎಂಬ ಗುಣ ಅವನಿಗಿದೆ: ಹೆದರಿಕೆಯನ್ನು ತಡೆದುಕೊಳ್ಳಬೇಕಾದಾಗ ದಾಳವನ್ನು ಎರಡು ಸಲ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. ಅಷ್ಟೇ. ಹೆದರಿಕೆ ತಾಕುವುದೇ ಇಲ್ಲ ಎಂದು ಬರೆದಿಲ್ಲ. ಎರಡೂ ಸಲ ಕಡಿಮೆ ಬಿದ್ದರೆ ಅವನೂ ನಡುಗುತ್ತಾನೆ. ಹೆದರುತ್ತಾನೆ, ಆದರೆ ಉಳಿದವರಿಗಿಂತ ಒಂದು ಸಲ ಹೆಚ್ಚು ಪ್ರಯತ್ನಿಸುತ್ತಾನೆ. ಒಂದು ಸಾಲಿನ ನಿಯಮದಲ್ಲಿ ಇಡೀ ಜನಾಂಗದ ಸ್ವಭಾವ ಇದೆ, ಆದರೆ ನಾವು ಅದನ್ನು ಅಂಕಿ ಎಂದಷ್ಟೇ ಓದುತ್ತೇವೆ.

ಈ ಧೈರ್ಯ ಟೋಲ್ಕಿನ್‌ನಿಂದಲೇ ಬಂದದ್ದು. ಆತ 1916ರಲ್ಲಿ ಸೊಮ್ ಕದನದಲ್ಲಿ ಕಂದಕಗಳಲ್ಲಿ ಇದ್ದ ಅಧಿಕಾರಿ. ಫ್ರೋಡೊ ಜೊತೆ ಕೊನೆಯವರೆಗೂ ನಡೆಯುವ ಸ್ಯಾಮ್‌ನನ್ನು ಆ ಯುದ್ಧದಲ್ಲಿ ತಾನು ಕಂಡ ಸಾಮಾನ್ಯ ಸಿಪಾಯಿಗಳ ನೆನಪಿನಲ್ಲಿ ರೂಪಿಸಿದ್ದಾಗಿ ಹೇಳಿಕೊಂಡಿದ್ದಾನೆ. ಸ್ಯಾಮ್ ಯಾರು? ತೋಟದ ಮಾಲಿ. ಕಳ್ಳನೂ ಅಲ್ಲ, ವೀರನೂ ಅಲ್ಲ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೊನೆಯಲ್ಲಿ ನಾಲ್ವರು ಹಾಬಿಟ್‌ಗಳು ಊರಿಗೆ ಮರಳಿದಾಗ ಅಲ್ಲಿ ಪುಂಡರು ಬೀಡುಬಿಟ್ಟು ಮರ ಕಡಿಸಿರುತ್ತಾರೆ, ದವಸ ದೋಚಿರುತ್ತಾರೆ. ಮಂತ್ರವಾದಿಯ ಸಹಾಯವಿಲ್ಲದೆ, ರಾಜನ ಸೈನ್ಯವಿಲ್ಲದೆ, ಊರಿನವರನ್ನೇ ಕಟ್ಟಿಕೊಂಡು ಅವರನ್ನು ಓಡಿಸುತ್ತಾರೆ. ಪೀಟರ್ ಜಾಕ್ಸನ್ ಸಿನಿಮಾದಲ್ಲಿ ಈ ಅಧ್ಯಾಯ ಇಲ್ಲ. ಸಿನಿಮಾ ಮಾತ್ರ ನೋಡಿದವರಿಗೆ ಹಾಬಿಟ್‌ಗಳು ಹೊರಗೆ ಹೋಗಿ ಬಂದವರು. ಓದಿದವರಿಗೆ ಅವರು ಊರು ಉಳಿಸಿಕೊಂಡವರು. ಹಾಫ್ಲಿಂಗ್ ಪಾತ್ರಕ್ಕೆ ಬೇಕಾದ ಬೇರು ನನಗೆ ಸಿಗುವುದು ಆ ಅಧ್ಯಾಯದಲ್ಲಿ. ಆಟಗಳಲ್ಲಿ ಹೀರೊಗಳು ಸಾಮಾನ್ಯವಾಗಿ ಮನೆ ಸುಟ್ಟುಹೋದವರು, ಅಪ್ಪ ಅಮ್ಮ ಸತ್ತವರು, ಸೇಡಿಗೆ ಹೊರಟವರು. ಐವರಲ್ಲಿ ನಾಲ್ವರು ಅನಾಥರಿರುವ ತಂಡಗಳನ್ನು ನಾನೇ ನೋಡಿದ್ದೇನೆ. ಹಾಫ್ಲಿಂಗ್ ಮಾತ್ರ ಹಿಂದೆ ತಿರುಗಿ ಹೋಗಲು ಮನೆ ಇರುವವನು. ಕಳೆದುಕೊಳ್ಳಲು ಏನೋ ಇರುವವನ ಹೆದರಿಕೆ ಬೇರೆ, ಧೈರ್ಯವೂ ಬೇರೆ.

ಹಾಗಂತ ಎಲ್ಲ ಹಾಫ್ಲಿಂಗ್‌ಗಳೂ ಗುಡ್ಡದ ಬಿಲಮನೆಯಲ್ಲಿ ಕೂತು ಟೀ ಕುಡಿಯಬೇಕೆಂದು ನಾನು ಹೇಳುತ್ತಿಲ್ಲ. 1991ರ ‘ಡಾರ್ಕ್ ಸನ್’ ಲೋಕದಲ್ಲಿ ಅವರು ಕಾಡಿನ ನರಭಕ್ಷಕರು. ಮೊದಲ ಸಲ ಕೇಳಿದಾಗ ಜೋರಾಗಿ ನಕ್ಕಿದ್ದೆ. ಕೀತ್ ಬೇಕರ್ 2004ರಲ್ಲಿ ಕಟ್ಟಿದ ‘ಎಬೆರಾನ್’ನಲ್ಲಿ ಕೆಲವರು ಬಯಲಿನಲ್ಲಿ ಡೈನೋಸಾರ್ ಸವಾರಿ ಮಾಡುವ ಅಲೆಮಾರಿಗಳು. ಅದೇ ಲೋಕದ ನಗರಗಳಲ್ಲಿ ಇನ್ನು ಕೆಲವರು ಆಸ್ಪತ್ರೆ, ವಸತಿಗೃಹಗಳ ಒಡೆಯರು; ಗಾಯವಾದ ಯೋಧ ದುಡ್ಡು ತೆತ್ತು ಹೋಗಬೇಕಾದ್ದು ಹಾಫ್ಲಿಂಗ್ ಹತ್ತಿರ. ‘ಪಾತ್‌ಫೈಂಡರ್’ನ ಚೆಲಿಯಾಕ್ಸ್ ರಾಜ್ಯದಲ್ಲಿ ಹಾಫ್ಲಿಂಗ್‌ಗಳನ್ನು ಗುಲಾಮರಾಗಿ ದುಡಿಸುತ್ತಾರೆ. ಅವರನ್ನು ಗುಟ್ಟಾಗಿ ಗಡಿ ದಾಟಿಸುವ ಬೆಲ್‌ಫ್ಲವರ್ ನೆಟ್‌ವರ್ಕ್ ಎಂಬ ಕೂಟವೂ ಇದೆ. ನನ್ನ ಮಟ್ಟಿಗೆ ಇವುಗಳಲ್ಲಿ ಗಟ್ಟಿ ಕಲ್ಪನೆ ಇದು. ಚಿಕ್ಕವರು, ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬ ಅದೇ ಹಳೇ ಮಾತು ಇಲ್ಲಿ ಜೇಬು ಕತ್ತರಿಸಲು ಬಳಕೆಯಾಗುವುದಿಲ್ಲ, ಜನರನ್ನು ಬಿಡಿಸಲು ಬಳಕೆಯಾಗುತ್ತದೆ.

ಈ ಚರ್ಚೆ ಬರೀ ಪುಸ್ತಕದ್ದಲ್ಲ ಎಂದು ನನಗೆ ಅರ್ಥವಾದದ್ದು ನಮ್ಮ ಹಾಸ್ಟೆಲ್‌ನ ಆಟದಲ್ಲಿ. ತಂಡದಲ್ಲಿ ನಾಲ್ಕಡಿ ಒಂಬತ್ತಿಂಚಿನ ಗೆಳತಿ ಒಬ್ಬಳಿದ್ದಾಳೆ. ಮೊದಲ ದಿನ ಪಾತ್ರ ಹಂಚಿಕೊಳ್ಳುವಾಗ ಸೀನಿಯರ್ ಒಬ್ಬ ಅವಳ ಮುಂದೆ ಹಾಳೆ ತಳ್ಳಿ ‘ನಿನಗೆ ಹಾಫ್ಲಿಂಗ್ ಫಿಕ್ಸ್, ಮೇಕಪ್ಪೇ ಬೇಡ’ ಎಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ನಗುತ್ತಲೇ ಹಾಳೆ ವಾಪಸ್ ತಳ್ಳಿ ಏಳಡಿಯ ಗೋಲಿಯಾತ್ ಹೆಣ್ಣನ್ನು ಬರೆದುಕೊಂಡಳು. ಇಡೀ ಸೆಮಿಸ್ಟರ್ ಅವಳ ಕೊಡಲಿಯ ಮುಂದೆ ಯಾರ ಮಾತೂ ನಡೆಯಲಿಲ್ಲ. ಬಸ್ಸಿನಲ್ಲಿ ಮೇಲಿನ ಹಿಡಿಕೆ ಎಟುಕದ, ಇಂಟರ್‌ವ್ಯೂನಲ್ಲಿ ‘ನೀವು ಪಿಯುಸಿನಾ?’ ಎಂದು ಕೇಳಿಸಿಕೊಳ್ಳುವ ಹುಡುಗಿಗೆ ಶನಿವಾರ ಸಂಜೆ ಮೂರು ಗಂಟೆ ಏಳಡಿ ಆಗಿರಬೇಕೆನಿಸಿದರೆ ಆಶ್ಚರ್ಯವೇನು?

ಕನ್ನಡದಲ್ಲಿ ಆಡುವ ನಮಗೆ ಇನ್ನೊಂದು ಅಡಚಣೆ ಇದೆ. ‘ಕುಳ್ಳ’ ಎಂಬ ಪದ ಬಾಯಿಗೆ ಬಂದ ಕೂಡಲೇ ನಗುವೂ ಬರುತ್ತದೆ. ಆದರೆ ದ್ವಾರಕೀಶ್ ನೆನಪಿಸಿಕೊಳ್ಳಿ. 1972ರ ‘ಕುಳ್ಳ ಏಜೆಂಟ್ 000’ ಸಿನಿಮಾದಲ್ಲಿ ಆ ಪದ ಪೋಸ್ಟರ್ ಮೇಲೆಯೇ ಇತ್ತು. ಹಾಕಿಸಿದವರು ಅವರೇ, ಹೀರೊನೂ ಅವರೇ, ನಿರ್ಮಾಪಕರೂ ಅವರೇ. ತನ್ನ ಎತ್ತರದ ಬಗ್ಗೆ ತಾನೇ ನಗಿಸುವುದಕ್ಕೂ ಪಕ್ಕದವನು ಹಾಳೆ ತಳ್ಳಿ ನಗುವುದಕ್ಕೂ ಇರುವ ದೂರ ಅದು. ಹಾಫ್ಲಿಂಗ್ ತಮಾಷೆ ಮಾಡಬಾರದು ಎಂದೇನಿಲ್ಲ. ಊಟದ ಬಗ್ಗೆ, ನೆಂಟರ ಬಗ್ಗೆ, ಆರಡಿಯವರ ಪೆದ್ದುತನದ ಬಗ್ಗೆ ಎಷ್ಟು ಬೇಕಾದರೂ ಮಾಡಲಿ. ಯಾವುದರ ಬಗ್ಗೆ ನಗಬೇಕೆಂದು ಆ ಪಾತ್ರದ ಆಟಗಾರರು ತೀರ್ಮಾನಿಸಲಿ.

ಮುಂದಿನ ಸೆಮಿಸ್ಟರ್‌ನಲ್ಲಿ ಗೆಳತಿ ತಾನಾಗಿಯೇ ಹಾಫ್ಲಿಂಗ್ ಬರೆದುಕೊಂಡು ಬಂದಳು. ನದಿ ದಂಡೆಯ ಹಳ್ಳಿಗಳಿಗೆ ಕಾಗದ ಮುಟ್ಟಿಸುವ ಅಂಚೆಯವಳು, ವಯಸ್ಸು ಅರವತ್ತೆರಡು, ಇಬ್ಬರು ಮೊಮ್ಮಕ್ಕಳು. ಚೀಲದಲ್ಲಿ ವಿಳಾಸದಾರರು ಸಿಗದ ಮೂರು ಕಾಗದ. ಅವನ್ನು ಮುಟ್ಟಿಸದೆ ನಿವೃತ್ತಿಯಾಗುವುದಿಲ್ಲ ಎಂಬುದೇ ಅವಳು ಮನೆ ಬಿಟ್ಟು ಹೊರಟ ಕಾರಣ. ಕದಿಯುವುದಿರಲಿ, ಯಾರಾದರೂ ಆ ಕಾಗದ ಬಿಚ್ಚಿ ಓದೋಣ ಎಂದರೆ ಕೆರಳುತ್ತಿದ್ದಳು. ಆ ಮೂರು ಕಾಗದ ನಮ್ಮ ಡಂಜನ್ ಮಾಸ್ಟರ್‌ಗೆ ಆರು ವಾರದ ಕಥೆ ಕೊಟ್ಟವು.

ಅವಳಿಂದ ಡಂಜನ್ ಮಾಸ್ಟರ್‌ನ ವರ್ಣನೆಯೂ ಬದಲಾಯಿತು. ಹಾಫ್ಲಿಂಗ್ ಎತ್ತರ ಸುಮಾರು ಮೂರಡಿ. ಆ ಕಣ್ಣಿಗೆ ಸಂತೆ ಎಂದರೆ ಸೊಂಟಪಟ್ಟಿ, ಕೈಚೀಲ, ಕತ್ತಿಯ ಒರೆ, ಮೇಜಿನ ಅಡಿಭಾಗ. ಮೇಜಿನ ಅಡಿ ಯಾರೋ ಅಂಟಿಸಿಟ್ಟ ಬೀಗದಕೈ ಮೊದಲು ಕಾಣುವುದು ಅವಳಿಗೇ. ಕೋಟೆಯ ಪ್ರತಿ ಮೆಟ್ಟಿಲೂ ಅವಳ ಮೊಣಕಾಲೆತ್ತರ, ಆದ್ದರಿಂದ ಓಡಿಹೋಗುವ ಯೋಜನೆ ಮಾಡುವಾಗ ಅವಳನ್ನು ಕೇಳಿಯೇ ಮಾಡಬೇಕು. ತನಗಿಂತ ದೊಡ್ಡವರ ಮರೆಯಲ್ಲಿ ಅಡಗಬಹುದು, ಅವರ ಕಾಲ ನಡುವೆ ನುಸುಳಿ ಹೋಗಬಹುದು ಎಂದು ನಿಯಮವೇ ಹೇಳುತ್ತದೆ. ಗೋಲಿಯಾತ್ ಹಿಂದೆ ಹಾಫ್ಲಿಂಗ್ ನಿಲ್ಲುವ ಆ ಚಿತ್ರದಲ್ಲಿ ಇಬ್ಬರ ಸ್ನೇಹವೂ ಇದೆ. ಹಾಗೆಯೇ, ಹಾಫ್ಲಿಂಗ್‌ಗಳೇ ಕಟ್ಟಿದ ಊರಿಗೆ ತಂಡ ಬಂದರೆ ಬಗ್ಗಬೇಕಾದವರು ಉಳಿದವರು. ಮೂರೂವರೆ ಅಡಿ ಬಾಗಿಲಿಗೆ ಹಣೆ ಬಡಿಸಿಕೊಂಡ ಮೇಲೆ ನಮ್ಮ ಸೀನಿಯರ್‌ನ ಪ್ಯಾಲಡಿನ್ ಆ ಊರಿನಲ್ಲಿ ಜೋರು ಮಾತಾಡಲಿಲ್ಲ.

ಇನ್ನು ಅದೃಷ್ಟ. ಐದನೇ ಆವೃತ್ತಿಯ ಹಾಫ್ಲಿಂಗ್‌ಗೆ ದಾಳದಲ್ಲಿ 1 ಬಿದ್ದರೆ ಮತ್ತೊಮ್ಮೆ ಉರುಳಿಸುವ ಅವಕಾಶವಿದೆ. 2024ರ ಹೊಸ ಪುಸ್ತಕವೂ ಅದನ್ನು ಉಳಿಸಿಕೊಂಡಿದೆ. ಉಳಿದವರಿಗೆ 1 ಬೀಳುವ ಸಂಭವ 20ರಲ್ಲಿ ಒಂದು. ಹಾಫ್ಲಿಂಗ್‌ಗೆ ಎರಡೂ ಸಲ 1 ಬಿದ್ದು ಪೂರಾ ಕೈಕೊಡುವ ಸಂಭವ 400ರಲ್ಲಿ ಒಂದು. ಇದನ್ನು ಬರೀ ಲೆಕ್ಕವಾಗಿ ಬಿಡಬೇಡಿ, ಮೇಜಿನ ಮೇಲೆ ಮಾತಾಗಿ ತನ್ನಿ. ಕಾಲು ಜಾರಿದ್ದು ಹೌದು, ಆದರೆ ಬಳ್ಳಿಯೊಂದು ಕೈಗೆ ಸಿಕ್ಕಿತು. ಸಿಕ್ಕಿದ್ದು ಹೇಗೆಂದು ಆಟಗಾರರೇ ಹೇಳಲಿ. ನಮ್ಮ ಅಂಚೆಯವಳು ಪ್ರತಿ ಸಲವೂ ‘ಇದು ನಮ್ಮಜ್ಜಿ ಪುಣ್ಯ’ ಎನ್ನುತ್ತಿದ್ದಳು. ಹಾಗಾಗಿ ನಾವ್ಯಾರೂ ನೋಡದ ಆ ಅಜ್ಜಿ ತಂಡದ ಆರನೇ ಸದಸ್ಯೆ ಆಗಿಬಿಟ್ಟಿದ್ದರು.

400ರಲ್ಲಿ ಒಂದು ನಮಗೂ ಬಂತು. ಮೂರನೇ ಕಾಗದದ ವಿಳಾಸ ಒಂದು ಗಂಟೆಗೋಪುರದ ತುದಿಯಲ್ಲಿತ್ತು. ಮಳೆ, ರಾತ್ರಿ, ಕೆಳಗೆ ಕಾವಲುಗಾರರು. ಹತ್ತಲು ದಾಳ ಉರುಳಿಸಿದಳು: 1. ಅಜ್ಜಿಯನ್ನು ನೆನೆದು ಮತ್ತೆ ಉರುಳಿಸಿದಳು: 1. ರೂಮಿನಲ್ಲಿ ಯಾರೂ ಉಸಿರಾಡಲಿಲ್ಲ. ಅಂಚೆಯವಳು ನಲವತ್ತಡಿ ಮೇಲಿಂದ ಕಾವಲುಗಾರರ ಹುಲ್ಲಿನ ಬಂಡಿಯೊಳಕ್ಕೆ ಬಿದ್ದಳು, ಒಂದು ಕಾಲು ಮುರಿಯಿತು, ನಾಲ್ಕು ಈಟಿಗಳು ಅವಳತ್ತ ತಿರುಗಿದವು. ‘ಈಗ ಏನ್ ಮಾಡ್ತೀಯ?’ ಎಂದ ಡಂಜನ್ ಮಾಸ್ಟರ್. ಗೆಳತಿ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಹುಲ್ಲು ಕೊಡವಿಕೊಂಡು, ಚೀಲ ಸರಿಮಾಡಿಕೊಂಡು, ಕಾವಲುಗಾರರನ್ನು ನೋಡಿ ಕೇಳಿದಳು: ‘ಇಷ್ಟೊತ್ತಲ್ಲಿ ಡ್ಯೂಟಿನಾ ಮಕ್ಳಾ? ಊಟ ಆಯ್ತಾ ನಿಮ್ದು?’